ಬಿಟ್ಟ ಬಿಳುಪು

"ನಮ್ಮಿಬ್ಬರ ಮನೆಗೆ ಮೂರನೆಯವರು ಯಾರೂ ಬರಲ್ಲ ಕಂದಾ. ಇದು ಅಮ್ಮನ ಮಾತು."

ಗಂಡ ತೀರಿಕೊಂಡ ವರ್ಷ, ಆರು ವರ್ಷದ ಮಗಳ ಕೈ ಹಿಡಿದು ಅವಳು ಕೊಟ್ಟ ಮಾತು ಅದು. ದೊಡ್ಡವರೆಲ್ಲ ಕೂತು "ಇನ್ನೂ ಚಿಕ್ಕ ವಯಸ್ಸು, ಇನ್ನೊಂದು ಮದುವೆ ಮಾಡೋಣ" ಎಂದು ಪಿಸುಗುಟ್ಟಿದ್ದು ಮಗುವಿನ ಕಿವಿಗೆ ಬಿದ್ದಿತ್ತು. ಅದು ಹೋಗಿ ಮಂಚದ ಕೆಳಗೆ ಸೇರಿಕೊಂಡಿತ್ತು. ಅಮ್ಮ ಮಾತು ಕೊಟ್ಟ ಮೇಲೇ ಹೊರಗೆ ಬಂದದ್ದು.

ಒಂಬತ್ತು ವರ್ಷ ಆ ಮಾತಿಗೆ ಒಂದು ಗೀರೂ ಬೀಳಲಿಲ್ಲ.

ಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ, ನದಿಯ ಮೆಟ್ಟಿಲ ಮೇಲೆ. ಅದೂ ಅವಳು ಬಾಯಿಂದ ಊದಿದ ಒಂದು 'ಉಫ್'ನಿಂದ!

ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ವಾರದಲ್ಲಿ ಆರು ದಿನ ಯಾರ್‍ಯಾರದೋ ತೋಳಿನಲ್ಲಿ ನರ ಹುಡುಕುವುದೇ ಆಯಿತು. ಸಕ್ಕರೆ ಪರೀಕ್ಷೆಗೆ ಬರುತ್ತಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರೇ ಒಮ್ಮೆ ಹೇಳಿದರು, "ನರ ಹುಡುಕೋ ಕಣ್ಣಿಗೆ ಗೆರೆ ಹುಡುಕೋದು ಕಷ್ಟಾನಾ? ಭಾನುವಾರ ನದಿ ಹತ್ತಿರ ಬಾಮ್ಮ. ನಾವೊಂದಷ್ಟು ಜನ ಕೂತು ಚಿತ್ರ ಬರೀತೀವಿ."

ಹೋದಳು. ಸೀಮೆಸುಣ್ಣದಂಥ ಪೇಸ್ಟಲ್ ಬಣ್ಣದ ಕಡ್ಡಿಗಳ ಒಂದು ಡಬ್ಬಿ, ಬೂದು ಕಾಗದ, ಬಟ್ಟೆಗೆ ಪುಡಿ ಹತ್ತದಿರಲೆಂದು ಮೇಲೊಂದು ಹಳೆಯ ಬಿಳಿ ಲ್ಯಾಬ್ ಕೋಟು. ಕೆಂಪು ದೋಣಿಯೊಂದನ್ನು ಬರೆದು, ಕಾಗದದ ಮೇಲೆ ನಿಂತ ಪುಡಿಯನ್ನು ಉಫ್ ಎಂದು ಊದಿದಳು.

"ರೀ, ರೀ! ನನ್ನ ಆಕಾಶ!"

ಬೆಚ್ಚಿ ತಿರುಗಿದಳು. ಪಕ್ಕದಲ್ಲಿ ಕೂತವನ ಒದ್ದೆ ಜಲವರ್ಣದ ಆಕಾಶದ ತುಂಬ ಕೆಂಪು ಪುಡಿ!

"ಅಯ್ಯೋ... ಗಾಳಿ ಈ ಕಡೆ ಇದೆ ಅಂತ ಗೊತ್ತಾಗ್ಲಿಲ್ಲ..."

ಅವನು ಕಾಗದವನ್ನೂ ಅವಳನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. ಬೈಯುತ್ತಾನೆ ಎಂದುಕೊಂಡಳು.

"ಹೋಗ್ಲಿ ಬಿಡಿ. ಮೋಡಕ್ಕೆ ನಾಚಿಕೆ ಆಯ್ತು ಅಂದ್ಕೊಳ್ಳೋಣ."

ನಾಚಿಕೆ ಆದದ್ದು ಮೋಡಕ್ಕೆ ಮಾತ್ರವಲ್ಲ!

ಅಂದಿನಿಂದ ಮೇಷ್ಟ್ರು ಅವಳಿಗೆ 'ಸೀಮೆಸುಣ್ಣದಮ್ಮ', ಅವನಿಗೆ 'ನೀರಣ್ಣ' ಎಂದು ಹೆಸರಿಟ್ಟರು. ನೀರಣ್ಣ ಲಿಫ್ಟ್ ರಿಪೇರಿ ಮಾಡುವವನು. ಒಂಟಿ. ಮಾತು ಕಮ್ಮಿ. ಆದರೆ ನೋಡುವುದನ್ನು ಕಲಿಸಿದವನು ಅವನೇ. "ನೆರಳು ಕಪ್ಪಲ್ಲ ರೀ, ಕಣ್ಣು ಕಿರಿದು ಮಾಡಿ ನೋಡಿ. ನೇರಳೆ ಕಾಣಲ್ವಾ?"

ಕಂಡಿತು! ಇಷ್ಟು ವರ್ಷ ಅದು ಎಲ್ಲಿತ್ತು?

ಐದು ತಿಂಗಳಾದ ಮೇಲೆ ಒಂದು ಭಾನುವಾರ ಅವನು ಕುಂಚ ತೊಳೆಯುತ್ತ, ತಲೆ ಎತ್ತದೆ ಹೇಳಿದ.

"ಮೇಲೆ ಕೆಳಗೆ ಓಡಾಡಿ ಸಾಕಾಗಿದೆ. ಇನ್ನು ಒಂದು ಕಡೆ ನಿಲ್ಲೋಣ ಅಂತಿದೀನಿ. ನಿಮ್ಮ ಪಕ್ಕ... ನಿಮಗೆ ಒಪ್ಪಿಗೆ ಇದ್ರೆ."

ಅವಳು ಮಗಳಿಗೆ ಕೊಟ್ಟ ಮಾತನ್ನು ಹೇಳಿದಳು.

"ಮಗುವಿಗೆ ಕೊಟ್ಟ ಮಾತು ದೊಡ್ಡದು. ನಾನು ಕಾಯ್ತೀನಿ. ಅವಸರ ಇಲ್ಲ," ಎಂದ.

ಆ ವಾರವೆಲ್ಲ ಮಗಳ ಮುಂದೆ ಬಾಯಿ ತೆರೆಯುವಳು, ಮುಚ್ಚುವಳು. ಮುಂದಿನ ಭಾನುವಾರ ತಡವಾಗಿ ನದಿಗೆ ಬಂದಳು. ದೋಣಿ ಟಿಕೆಟ್ ಕೊಡುವ ಗೂಡಿನ ಹಿಂದೆ ಮೇಷ್ಟ್ರ ದನಿ.

"ಅಲ್ಲಯ್ಯಾ ನೀರಣ್ಣ, ಕೊನೆಗೆ ಸೀಮೆಸುಣ್ಣದಮ್ಮನ್ನ ಏನ್ ಮಾಡ್ದೆ?"

"ಬಿಟ್ಟುಬಿಟ್ಟೆ ಮೇಷ್ಟ್ರೇ."

"ಪೂರ್ತಿ?"

"ಪೂರ್ತಿ. ಇನ್ನು ಆ ಕಡೆ ಕೈ ಹಾಕಲ್ಲ. ಹಾಕಿದ್ರೆ ಕೆಡೋದೇ."

"ಒಳ್ಳೇ ಕೆಲಸ ಮಾಡ್ದೆ!"

ಅವಳ ಕಾಲು ಅಲ್ಲೇ ನಿಂತಿತು. 'ಕಾಯ್ತೀನಿ ಅಂದವನು ಒಂದು ವಾರವೂ ಕಾಯಲಿಲ್ಲವಾ? ಅದಕ್ಕೆ ಮೇಷ್ಟ್ರಿಂದ ಶಭಾಷ್ ಬೇರೆ!' ಬಂದ ಹಾಗೇ ಹಿಂದಿರುಗಿದಳು. ಅವನ ಫೋನ್ ಎತ್ತಲಿಲ್ಲ.

ಮೂರು ಭಾನುವಾರ ಮನೆಯಲ್ಲೇ ಕಳೆದಳು.

"ಅಮ್ಮಾ, ನೀನು ಮನೇಲಿದ್ರೆ ನನಗೆ ಶಿಕ್ಷೆ!" ಮಗಳು ಗೊಣಗಿದಳು. "ಬೀರು ಮೂರನೇ ಸಲ ಜೋಡಿಸ್ತಿದೀಯ. ನನ್ನ ಪುಸ್ತಕ ಯಾವುದೂ ಸಿಗ್ತಿಲ್ಲ."

ಕಿಟಕಿ ಸರಳುಗಳ ನೆರಳು ನೆಲದ ಮೇಲೆ ನೇರಳೆಯಾಗಿ ಮಲಗಿತ್ತು. ಬಿಟ್ಟವನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಕೃತಜ್ಞತೆ. ಈ ಬಣ್ಣ ಕೊಟ್ಟವನು ಅವನೇ ಅಲ್ಲವೇ... ಸಿಟ್ಟಿಗಿಂತ ಅದೇ ಹೆಚ್ಚು ನೋಯಿಸಿತು.

ನಾಲ್ಕನೆಯ ವಾರ ಮೇಷ್ಟ್ರು ಲ್ಯಾಬಿಗೆ ಬಂದು ತೋಳು ಚಾಚಿ ಕೂತರು.

"ಲೈಬ್ರರಿ ಜಗಲೀಲಿ ಈ ಭಾನುವಾರ ನಮ್ಮೆಲ್ಲರ ಚಿತ್ರ ತೂಗು ಹಾಕ್ತೀವಿ. ಮಗಳನ್ನೂ ಕರ್ಕೊಂಡು ಬಾ. ಬರದಿದ್ರೆ ನನ್ನ ಸಕ್ಕರೆ ಏರುತ್ತೆ, ನೋಡು!"

ಅವರ ಮಾತು ಮೀರಲಾಗದೆ ಹೋದಳು. ದೂರದಲ್ಲಿ ಅವನು ನಿಂತಿದ್ದ. ಸೊರಗಿದ್ದ. ಅವಳು ಬೇರೆ ಗೋಡೆಯ ಕಡೆ ತಿರುಗಿಕೊಂಡಳು.

"ಅಮ್ಮಾ, ಇಲ್ಲಿ ಬಾ! ಇದು ನೀನೇ!" ಮಗಳು ಕೂಗಿದಳು. "ಆದ್ರೆ... ನೀನು ಖಾಲಿ ಇದ್ದೀಯ!"

ನದಿ, ಮೆಟ್ಟಿಲು, ದೋಣಿ ಎಲ್ಲಕ್ಕೂ ಬಣ್ಣ ತುಂಬಿತ್ತು. ನಟ್ಟನಡುವೆ, ಬಾಗಿ ಕೂತ ಒಂದು ಆಕಾರ ಮಾತ್ರ ಅಚ್ಚ ಬಿಳಿ. ಕೋಟಿನ ಕಾಲರು ಕೂಡ ಗೊತ್ತಾಗುತ್ತಿತ್ತು. ಅಲ್ಲಿ ಬಣ್ಣದ ಒಂದು ಚುಕ್ಕೆಯೂ ಇರಲಿಲ್ಲ.

'ಖಾಲಿ... ಹೌದು, ಬಿಟ್ಟುಬಿಟ್ಟನಲ್ಲ!'

"ಖಾಲಿ ಅಲ್ಲ ಪುಟ್ಟಾ," ಅವನು ಮೆಲ್ಲನೆ ಹತ್ತಿರ ಬಂದ. "ಜಲವರ್ಣದಲ್ಲಿ ಬಿಳಿ ಹಚ್ಚೋದಿಲ್ಲ. ಕಾಗದದ ಬಿಳಿಯನ್ನೇ ಬಿಡ್ತೀವಿ. ಎಲ್ಲಕ್ಕಿಂತ ಹೆಚ್ಚು ಬೆಳಕು ಎಲ್ಲಿ ಬೇಕೋ ಅದನ್ನೇ ಮೊದಲು ಬಿಟ್ಟುಕೊಂಡು, ಉಳಿದದ್ದನ್ನ ಅದರ ಸುತ್ತ ಬರೀಬೇಕು. ಅಲ್ಲಿಗೆ ಒಂದು ಹನಿ ಬಿದ್ರೂ ಕೆಟ್ಟುಹೋಗುತ್ತೆ."

ಪೇಸ್ಟಲಿನವಳು ಅವಳು. ಬೂದು ಕಾಗದದ ಮೇಲೆ ಬಿಳಿಯನ್ನು ಎಲ್ಲಕ್ಕಿಂತ ಕೊನೆಗೆ ಒತ್ತಿ ಅಭ್ಯಾಸ. ಬಿಡುವುದೇ ಇಡುವುದು ಎಂದು ಅವಳಿಗೆ ಹೇಗೆ ಹೊಳೆಯಬೇಕು?

"ಅಂದ್ರೆ... ಅವತ್ತು ಮೇಷ್ಟ್ರ ಹತ್ರ 'ಬಿಟ್ಟುಬಿಟ್ಟೆ' ಅಂದದ್ದು..."

"ಈ ಚಿತ್ರದ್ದು ರೀ! ನೀವು... ಅಯ್ಯೋ ರಾಮ! ಅದಕ್ಕೇನಾ ಫೋನ್ ಎತ್ತದೆ ಇದ್ದದ್ದು?"

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಒಬ್ಬರದು ನೀರು, ಒಬ್ಬರದು ಸುಣ್ಣ. ಸೇರಿದ್ರೆ ಕುದಿಯೋದೇ!"

ಅವಳು ನಗುತ್ತಲೇ ಅತ್ತಳು. ಆಮೇಲೆ ಮಗಳ ಕಡೆ ನೋಡಿದಳು. ನಗು ನಿಂತಿತು.

"ಪುಟ್ಟಿ... ನಿನಗೆ ಒಂದು ಮಾತು ಕೊಟ್ಟಿದ್ದೆ. ನೆನಪಿದೆಯಾ?"

"ಮಂಚದ ಕೆಳಗಿನದಾ? ನೆನಪಿದೆ." ಮಗಳು ಚಿತ್ರದಿಂದ ಕಣ್ಣು ಕೀಳಲಿಲ್ಲ. "ಆ ವಯಸ್ಸಿಗೆ ನಾನು ಬೆಕ್ಕನ್ನೇ ಮದುವೆ ಆಗ್ತೀನಿ ಅಂತಲೂ ಹೇಳ್ತಿದ್ದೆ."

"ತಮಾಷೆ ಬೇಡ ಕಂದಾ. ನೀನು ಬೇಡ ಅಂದ್ರೆ ಇಲ್ಲಿಗೇ ನಿಲ್ಲಿಸ್ತೀನಿ. ಬೇಜಾರು ಮಾಡ್ಕೊಳಲ್ಲ."

"ಮಾಡ್ಕೊಳ್ತೀಯ. ಬೀರು ಜೋಡಿಸ್ತೀಯ." ದನಿ ಸಣ್ಣದಾಯಿತು. "ನನಗೆ ಸ್ವಲ್ಪ ಭಯ ಇದೆ ಅಮ್ಮಾ. ಅಪ್ಪನ ಫೋಟೋ ಅಲ್ಲೇ ಇರಬೇಕು."

"ಅಲ್ಲೇ ಇರುತ್ತೆ," ಎಂದವನು ಅವನು. "ಅದನ್ನ ಯಾರೂ ಮುಟ್ಟಲ್ಲ."

ಮಗಳು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ನನ್ನ ರೂಮಿಗೆ ಬಾಗಿಲು ತಟ್ಟದೆ ಬರಬಾರದು."

"ಸರಿ."

"ಹಾಗಾದ್ರೆ ಇವತ್ತು ಟೀಗೆ ಬನ್ನಿ ಅಂಕಲ್. ಅಮ್ಮ ಮಾಡೋ ಟೀ ಬರೀ ನೀರು. ನಿಮಗೆ ಸರಿಹೋಗುತ್ತೆ."

ಮೂವರೂ ನಡೆದರು. ಮಗಳು ಮುಂದೆ, ಇವರಿಬ್ಬರೂ ನಾಲ್ಕು ಹೆಜ್ಜೆ ಹಿಂದೆ.

"ಥ್ಯಾಂಕ್ಸ್," ಎಂದಳು ಅವಳು.

"ಯಾಕೆ?"

"ಕಾದದ್ದಕ್ಕೆ... ನೇರಳೆ ತೋರಿಸಿದ್ದಕ್ಕೆ. ನಿಮ್ಮ ಪಕ್ಕ ನಿಲ್ಲೋಕೆ ನನಗೆ ಒಪ್ಪಿಗೆ ಇದೆ."

"ನಾನೇ ಹೇಳಬೇಕು ಥ್ಯಾಂಕ್ಸು," ಎಂದ.

ಅವಳು ಮನೆಯ ಬೀಗ ತೆಗೆದಳು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

ಒಂಬತ್ತು ವರ್ಷದ ಮಾತು ಅಂದು ಮುರಿಯಿತು.