ಅಗಿಯಪ್ಪನ ದವಡೆ, ಹಾಕದ ಒಂದು ಮತ

"ಸಾಯಲಿ ಬಿಡಿ ಅದು!"

ಅವನು ಅವಳೊಂದಿಗೆ ಆಡಿದ ಮೊದಲ ಮಾತು ಇದು. ಪ್ರೇಮಕಥೆ ಹೀಗೂ ಶುರುವಾಗುತ್ತದೆಯೇ ಎಂದು ನೀವು ಹುಬ್ಬೇರಿಸಿದರೆ ತಪ್ಪಿಲ್ಲ. ಆದರೆ ನಡೆದದ್ದನ್ನು ನಡೆದ ಹಾಗೇ ಹೇಳುತ್ತಿದ್ದೇನೆ. ಉಪ್ಪು ಖಾರ ಬಿದ್ದಿದ್ದರೆ ಅದು ರುಚಿಗೆ ತಕ್ಕಷ್ಟೇ.

ಮಾತು ಕಿವಿಗೆ ಬೀಳುತ್ತಲೇ ಅವಳ ಕೈಯಲ್ಲಿದ್ದ ಮೇಣದ ದವಡೆ ಜಾರಿ ಮೇಜಿನ ಮೇಲೆ ಬಿತ್ತು. ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವುದು ಅವಳ ಕಸುಬು. ಮನೆಯ ಮುಂಗೋಣೆಯೇ ಕಾರ್ಖಾನೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ಯಾರದೋ ಬಾಯಿ ಹಿಡಿದುಕೊಂಡು, ಆಟದ ಬಳಗದ ಸಭೆಗೆ ಕೂರುವುದು ಅವಳ ಚಾಳಿ.

ಮೊಬೈಲಿನಲ್ಲಿ ವಿಚಿತ್ರ ಪ್ರಾಣಿಗಳನ್ನು ಸಾಕಿ, ಪಳಗಿಸಿ, ಕಾದಾಡಿಸುವ ಆಟ ಅದು. ಈ ಬಳಗದವರ ಹುಚ್ಚು ಅಷ್ಟಕ್ಕೇ ನಿಲ್ಲುವುದಿಲ್ಲ. ಎಲ್ಲರೂ ಸೇರಿ ವರ್ಷಕ್ಕೊಂದು ಹೊಸ ಪ್ರಾಣಿಯನ್ನು ಹುಟ್ಟಿಸುತ್ತಾರೆ! ಗುಣ ಏನು, ಬಲ ಎಷ್ಟು, ರೂಪ ಹೇಗೆ, ಹೆಸರು ಯಾವುದು... ಒಂದೊಂದಕ್ಕೂ ಚರ್ಚೆ, ಒಂದೊಂದಕ್ಕೂ ಮತ. ಮದುವೆ ಮಾತುಕತೆಯಲ್ಲೂ ಇಷ್ಟು ಕೊಸರಾಟ ನಡೆಯುವುದಿಲ್ಲ.

ಬಳಗದಲ್ಲಿ ಎಲ್ಲರಿಗೂ ಅಡ್ಡಹೆಸರೇ. ಅವಳು ಕೋರೆಹಲ್ಲು. 'ಸಾಯಲಿ' ಎಂದವನು ತಕ್ಕಡಿ.

"ಯಾಕ್ರೀ ಸಾಯ್ಬೇಕು?" ಅವಳು ಸಿಡಿದಳು. "ಇನ್ನೂ ಹುಟ್ಟೇ ಇಲ್ಲ, ಆಗಲೇ ಹೂಳೋಕೆ ಗುಂಡಿ ತೋಡ್ತಿದ್ದೀರಲ್ಲ!"

"ಎಷ್ಟು ಹೊಡೆದ್ರೂ ಬೀಳದ ಪ್ರಾಣಿ ಅಂದ್ರೆ ಎದುರಿನವರು ಆಡೋದು ಯಾಕೆ ಹೇಳಿ? ಎಷ್ಟು ಜನ ಹತ್ತಬಹುದು ಅಂತ ಬರೆಯದ ಲಿಫ್ಟನ್ನ ನಾನು ಹತ್ತಲ್ಲ. ಮಿತಿ ಬೇಕು."

"ಇಲ್ಲಿ ಲಿಫ್ಟ್ ಎಲ್ಲಿಂದ ಬಂತು?"

"ನನ್ನ ಕೆಲಸದಿಂದ. ಲಿಫ್ಟ್ ಪರೀಕ್ಷಕ ನಾನು."

ಸಭೆಯಲ್ಲಿ ನಗು. ಅವಳಿಗೂ ತುಟಿಯಂಚಿಗೆ ನಗು ಬಂತು. ನುಂಗಿಕೊಂಡಳು. 'ಇವನ ಮುಂದೆ ನಗಬೇಕಾ? ಸದ್ಯಕ್ಕಿಲ್ಲ!'

ಆಗ ಬಳಗದ ಹಿರಿಯ ದೊಡ್ಡಣ್ಣ ಗಂಟಲು ಸರಿಮಾಡಿಕೊಂಡರು. ಬಸ್ ಡಿಪೋದಲ್ಲಿ ಹೊತ್ತು ನೋಡಿ ಬಸ್ಸು ಬಿಡುವ ಕೆಲಸ ಅವರದು. ಧ್ವನಿಯೂ ಹಳೇ ಬಸ್ಸಿನದೇ... ಮೊದಲು ಕೆಮ್ಮು, ಆಮೇಲೆ ಗುಡುಗು, ಕೊನೆಗೆ ಬ್ರೇಕು. "ಹ್ಞೂಂ... ನೋಡ್ರಪ್ಪಾ... ಜಗಳ ಸಾಕು. ಏನಂತೀರಿ?"

ಸಭೆ ಮುಗಿದ ಮೇಲೆ ಅವಳು ಅದೇ ಧ್ವನಿಯಲ್ಲಿ ಅಜ್ಜಿಗೆ ಹೇಳಿದಳು. "ಹ್ಞೂಂ... ನೋಡಜ್ಜೀ... ಊಟ ಹಾಕ್ತೀಯಾ? ಏನಂತೀಯ?"

ಪಕ್ಕದ ಕೋಣೆಯಿಂದ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ಓಡಿಬಂದಳು. "ಅಯ್ಯೋ, ನೀನೇನೇ! ಯಾರೋ ಗಂಡಸರು ಬಂದ್ರು ಅಂತ ಹಲ್ಲು ಹಾಕ್ಕೊಂಡು ಬಂದೆ!"

* * *

ಆ ವರ್ಷದ ಪ್ರಾಣಿಯ ಗುಣ ಅವಳಿಗೆ ತುಂಬ ಹಿಡಿಸಿತ್ತು. ಎದುರಾಳಿ ಕಣದ ತುಂಬ ಮುಳ್ಳು ಚೆಲ್ಲಿದರೆ ಅದು ಆ ಮುಳ್ಳನ್ನೆಲ್ಲ ಅಗಿದು ನುಂಗಿ, ಹಿಂದೆ ಬರುವ ಗೆಳೆಯನಿಗೆ ದಾರಿ ಹಸನು ಮಾಡುತ್ತದೆ. ಹೆಸರಿಡುವ ತನಕ ಎಲ್ಲರೂ ಅದನ್ನು ಅಗಿಯಪ್ಪ ಎನ್ನುತ್ತಿದ್ದರು.

ತಕ್ಕಡಿ ಅದರ ಬಲವನ್ನು ಅಳೆದು ತೂಗಿದ. ಅವಳು ಅದರ ಬಾಯಿಯ ಬಗ್ಗೆ ತಲೆ ಕೆಡಿಸಿಕೊಂಡಳು. ದಿನವೂ ಅವನದು ಏನಾದರೊಂದು ಪ್ರಶ್ನೆ.

"ಮುಳ್ಳು ತಿನ್ನೋದಕ್ಕೆ ಮುಂಬಲ್ಲು ಯಾಕೆ? ದವಡೆಹಲ್ಲು ಸಾಲದಾ?" ಅವನು ಕೇಳಿದ.

"ಕಚ್ಚಿ ಕೀಳೋರು ಯಾರು ಮತ್ತೆ, ನಿಮ್ಮ ಮಾವನಾ?"

"ಮಾವ ಆಗೋರು ಇನ್ನೂ ಸಿಕ್ಕಿಲ್ಲ..."

ಅವಳ ಕಿವಿ ಬಿಸಿಯಾಯಿತು. 'ಇದೇನು, ಹಲ್ಲಿನ ಮಾತು ಎಲ್ಲಿಗೋ ಹೋಯ್ತಲ್ಲ!'

ಅವನು ಹೇಗಿದ್ದಾನೆ? ಕನ್ನಡಕ ಇದೆಯಾ? ನಕ್ಕರೆ ಕಣ್ಣು ಮುಚ್ಚಿಹೋಗುತ್ತದಾ? ಹಲ್ಲು ನೋಡಿ ಮನುಷ್ಯರ ವಯಸ್ಸು, ಚಟ, ಸಿಟ್ಟು ಎಲ್ಲ ಹೇಳಬಲ್ಲವಳಿಗೆ ಬರೀ ಧ್ವನಿ ಕೇಳಿ ಏನೂ ಹೇಳಲಾಗಲಿಲ್ಲ. ಅದೇ ಅವಳನ್ನು ಕೊರೆಯುತ್ತಿತ್ತು.

ರೂಪದ ಹಂತ ಬಂತು. ಚಿತ್ರ ಬರೆದವರ ಹೆಸರು ಮುಚ್ಚಿಟ್ಟು ಮತ ಹಾಕುವುದು ಬಳಗದ ಪದ್ಧತಿ. ಅವಳು ಅಜ್ಜಿಯ ಮುಖವನ್ನೇ ಎದುರಿಗಿಟ್ಟುಕೊಂಡು ಬರೆದಳು. ಬೊಚ್ಚು ಬಾಯಿಯ ಮುದ್ದಾದ ಪ್ರಾಣಿ. ಆದರೆ ಬಾಯಿ ತೆರೆದರೆ ಒಳಗೆ ಸಾಲು ಸಾಲು ಹಲ್ಲು, ಒಂದೊಂದರ ಉಬ್ಬು ತಗ್ಗೂ ನಿಜ ಹಲ್ಲಿನದೇ!

"ನನ್ನನ್ನ ರಾಕ್ಷಸಿ ಮಾಡಿದ್ಯಲ್ಲೇ," ಅಜ್ಜಿ ಚಿತ್ರ ನೋಡಿ ಮುಖ ಊದಿಸಿದಳು. ಆಮೇಲೆ ಮೆಲ್ಲಗೆ, "ಗೆಲ್ತೀನಾ?"

ಗೆಲ್ಲಲಿಲ್ಲ.

ಒಂದೇ ಒಂದು ಮತದಿಂದ ಸೋತಿತು!

ಯಾರ್ಯಾರ ಮತ ಯಾವ ಚಿತ್ರಕ್ಕೆ ಎಂಬುದನ್ನು ಬಳಗ ಕೊನೆಯಲ್ಲಿ ಎಲ್ಲರಿಗೂ ತೋರಿಸುತ್ತದೆ. ತಕ್ಕಡಿಯ ಹೆಸರಿನ ಮುಂದೆ ಬರೀ ಎರಡು ಪದ. *ಮತ ಹಾಕಿಲ್ಲ.*

ಇಡೀ ಬಳಗ ಮೆಚ್ಚದಿದ್ದರೂ ಅವಳಿಗೆ ನೋವಾಗುತ್ತಿರಲಿಲ್ಲ. ಆದರೆ ಇವನು! ಬಾಯಿ ಹೇಗಿರಬೇಕೆಂದು ದಿನವೂ ತಲೆ ತಿಂದವನು!

ಕೇಳಿಯೇಬಿಟ್ಟಳು. "ಯಾಕೆ ಹಾಕಲಿಲ್ಲ?"

"...ನಿಯಮ."

"ಯಾವ ನಿಯಮ?"

"ಅದು... ಈಗ ಹೇಳೋಕೆ ಆಗಲ್ಲ."

'ಹೇಳೋಕೂ ಯೋಗ್ಯ ಅಲ್ಲದಷ್ಟು ಕೆಟ್ಟದಾಗಿತ್ತಾ?' ಅವಳು ಇಯರ್‌ಫೋನ್ ಕಿತ್ತು ಅಚ್ಚು ಹೊಯ್ಯುವ ಪ್ಲಾಸ್ಟರ್ ಬಟ್ಟಲಿಗೆ ಎಸೆದಳು. ಅಂದಿನಿಂದ ಅವನಿರುವ ಸಭೆಗೆ ಹೋಗುವುದನ್ನೇ ಬಿಟ್ಟಳು.

ಅಜ್ಜಿ ನೋಡುವಷ್ಟು ನೋಡಿದಳು. "ಸೋತಿದ್ದಕ್ಕೆ ಅಳ್ತಿದ್ದೀಯೋ, ಅವನು ಹಾಕಲಿಲ್ಲ ಅಂತ ಅಳ್ತಿದ್ದೀಯೋ?"

"ನಾನೆಲ್ಲಿ ಅಳ್ತಿದ್ದೀನಿ? ಪ್ಲಾಸ್ಟರ್ ಪುಡಿ!"

"ಹೂಂ ಹೂಂ. ಪುಡಿ ನನ್ನ ಕಣ್ಣಿಗೆ ಮಾತ್ರ ಬೀಳ್ತಿಲ್ಲ ನೋಡು. ಕೇಳೇ, ಹುಚ್ಚೀ. ನಿಜ ಏನು ಅಂತ ತಿಳ್ಕೊ."

ತಿಳಿದುಕೊಳ್ಳುವುದು ಹೇಗೆ? ಅವಳು ಕೇಳಿದರೆ ಅವನು ಹೇಳುವುದಿಲ್ಲ. ದೊಡ್ಡಣ್ಣ ಕೇಳಿದರೆ...?

ಅವಳ ಕೈ ನಿಂತಿತು.

ಮುಂದಿನ ಹಂತ ಹೆಸರಿನದು. ಅದರ ಉಸ್ತುವಾರಿ ಅವಳದೇ ಆದ್ದರಿಂದ ಬಳಗದ ಸಾಮೂಹಿಕ ಖಾತೆ ಅವಳ ಮೊಬೈಲಿನಲ್ಲಿತ್ತು. ಅದರಿಂದ ಕರೆ ಮಾಡಿದರೆ ತೆರೆಯ ಮೇಲೆ 'ಬಳಗದ ಕಚೇರಿ' ಎಂದಷ್ಟೇ ಕಾಣುತ್ತದೆ. ಸಾಮಾನ್ಯವಾಗಿ ಹಾಗೆ ಕರೆ ಮಾಡುವವರು ದೊಡ್ಡಣ್ಣ ಒಬ್ಬರೇ.

ಮಧ್ಯಾಹ್ನ ಊಟ ಮುಗಿಸಿ, ಎರಡು ಸಲ ಕೆಮ್ಮಿ ಅಭ್ಯಾಸ ಮಾಡಿ, ಒತ್ತಿಯೇಬಿಟ್ಟಳು.

"ಹ್ಞೂಂ... ನೋಡಪ್ಪಾ ತಕ್ಕಡೀ... ಒಂದು ಮಾತು ಕೇಳ್ಬೇಕಿತ್ತು."

ಆ ಕಡೆ ಒಂದು ಕ್ಷಣ ಸದ್ದಿಲ್ಲ. "...ಹೇಳಿ ದೊಡ್ಡಣ್ಣ."

"ಚಿತ್ರಕ್ಕೆ ಮತ ಯಾಕೆ ಹಾಕಲಿಲ್ಲ? ಹಾಕಿದ್ರೆ ಆ ಹಲ್ಲಿನ ಚಿತ್ರ ಸರಿಸಮ ಆಗ್ತಿತ್ತು. ಏನಂತೀಯ?"

"ಆ ಚಿತ್ರ ಇತ್ತು ಅಂತಲೇ ಹಾಕಲಿಲ್ಲ, ಅಣ್ಣ."

"ಅಷ್ಟು... ಕೆಟ್ಟದಾಗಿತ್ತಾ?"

"ಕೆಟ್ಟದಾ! ಅಷ್ಟು ಚಂದದ ಪ್ರಾಣಿ ನಾನು ನೋಡೇ ಇಲ್ಲ. ಆದ್ರೆ ದವಡೆಹಲ್ಲು ನೋಡಿದ ತಕ್ಷಣ ಗೊತ್ತಾಯ್ತು, ಬರೆದೋರು ಕೋರೆಹಲ್ಲು ಅಂತ. ನಮ್ಮ ನಿಯಮ ಇದೆಯಲ್ಲ... ಬರೆದೋರು ಯಾರು ಅಂತ ಗೊತ್ತಾಗಿ, ಅವರು ನಮ್ಮೋರೇ ಆಗಿದ್ರೆ, ಮತ ಹಾಕೋ ಹಾಗಿಲ್ಲ."

"ಅವಳು ನಿನಗೇನಾಗ್ಬೇಕಪ್ಪಾ?" ಗುಡುಗು ಹೋಗಿ ಧ್ವನಿ ಪಿಸುಮಾತಿನ ಹತ್ತಿರ ಬಂದಿತ್ತು.

"ಇನ್ನೂ ಏನೂ ಆಗಿಲ್ಲ, ಅಣ್ಣ. ಅವರಿಗೆ ಗೊತ್ತೂ ಇಲ್ಲ. ಆದ್ರೆ ನನ್ನ ಮನಸ್ಸಲ್ಲಿ ನಮ್ಮೋರು ಆಗಿ ಎಷ್ಟೋ ಕಾಲ ಆಯ್ತು. ಅವರ ಮಾತು ಕೇಳದೆ ಇದ್ರೆ ಆ ದಿನ ಯಾವುದೂ ತೂಕಕ್ಕೆ ಬರಲ್ಲ. ಮತ ಹಾಕಿದ್ರೆ ಚಿತ್ರಕ್ಕೆ ಹಾಕ್ತಿರಲಿಲ್ಲ, ಅವರಿಗೆ ಹಾಕ್ತಿದ್ದೆ. ಅದು ಅವರ ಕೆಲಸಕ್ಕೆ ಅವಮಾನ."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

"ದೊಡ್ಡಣ್ಣ... ಹೇಳ್ಬಿಡ್ಲಾ ಅವರಿಗೆ?"

"ಹೇ...ಹೇಳಪ್ಪಾ."

"ಬೈದ್ರೆ?"

"ಬೈಯಲ್ಲ... ಅಂದ್ಕೋತೀನಿ. ಏನಂತೀಯ?"

"ಅಣ್ಣ, ನೆಗಡಿಯಾ? ಧ್ವನಿ ಯಾಕೋ ಸಣ್ಣ ಆಗ್ತಿದೆ."

"ಹ್ಞೂಂ... ಧೂಳು!" ಎಂದು ಫೋನ್ ಇಟ್ಟುಬಿಟ್ಟಳು.

ಕುಣಿದಳು. ಅಜ್ಜಿಯನ್ನು ತಬ್ಬಿಕೊಂಡು ತಿರುಗಿಸಿದಳು. ತಿರುಗುತ್ತ ತಿರುಗುತ್ತ ತಟ್ಟನೆ ನಿಂತಳು. ಮುಖ ಬಾಡಿತು.

'ನಾನು ಮಾಡಿದ್ದೇನು? ತನಗೆ ತಾನೇ ಸಾಕ್ಷಿಯಾಗಿ ನಿಯಮ ಪಾಲಿಸೋ ಮನುಷ್ಯನ ಮನಸ್ಸನ್ನ... ಬೇರೆಯವರ ವೇಷದಲ್ಲಿ ಹೋಗಿ ಕದ್ದೆನಲ್ಲ!'

"ಹೇಳದೇ ಇದ್ರೆ ಗೊತ್ತಾಗಲ್ಲ," ಎಂದಳು ಅಜ್ಜಿ.

"ನಂಗೆ ಗೊತ್ತಿರತ್ತಲ್ಲ, ಅಜ್ಜಿ. ಅವನು ಬಂದು ಹೇಳುವಾಗ ಮೊದಲ ಸಲ ಕೇಳಿದ ಹಾಗೆ ನಟಿಸ್ಲಾ? ಜೀವನಪೂರ್ತಿ?"

ಅಜ್ಜಿ ಅವಳ ಕೆನ್ನೆಗೆ ಅಂಟಿದ್ದ ಮೇಣ ಕಿತ್ತಳು. "ಹಾಗಾದ್ರೆ ಹೋಗಿ ಒಪ್ಕೊ. ಸಿಟ್ಟಾಗಿ ಎದ್ದು ಹೋದ್ರೆ... ಹೋಗ್ಲಿ. ನಿನ್ನ ಮುಖ ನೀನು ನೋಡ್ಕೋಬಹುದು."

* * *

ಹುಟ್ಟಿದ ಪ್ರಾಣಿಯನ್ನು ಕಣಕ್ಕಿಳಿಸಿ ಪರೀಕ್ಷಿಸಲು ಬಳಗದವರು ಭಾನುವಾರ ಒಂದೆಡೆ ಸೇರಿದರು. ಸೈಕಲ್ ಅಂಗಡಿಯ ಮೇಲಿನ ಕೋಣೆ. ಕೆಳಗಿನಿಂದ ಗ್ರೀಸಿನ ವಾಸನೆ, ಮೇಲೆ ಕಿರ್ರೆನ್ನುವ ಫ್ಯಾನು, ಪ್ಲಾಸ್ಟಿಕ್ ಕುರ್ಚಿಗಳು.

ಅವಳು ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಳು. ಕಿಟಕಿಯ ಬಳಿ ಕುರ್ಚಿಯ ಕುಂಟು ಕಾಲಿಗೆ ಕಾಗದ ಮಡಿಚಿ ಇಡುತ್ತಿದ್ದವನು ತಲೆಯೆತ್ತಿದ. ಕನ್ನಡಕ ಇತ್ತು. ಮುಂಬಲ್ಲು ಒಂದು ತುಸು ವಾರೆ.

ಯಾರೂ ಪರಿಚಯ ಮಾಡಿಸಬೇಕಾಗಲಿಲ್ಲ.

"ಬಂದ್ರಾ..." ಎಂದು ಎದ್ದ. "ನಿಮಗೆ ಒಂದು ವಿಷಯ ಹೇಳ್ಬೇಕಿತ್ತು."

"ಬೇಡ! ಮೊದಲು ನಾನು." ಅವಳು ಉಸಿರು ಬಿಗಿಹಿಡಿದಳು. "ಅವತ್ತು ಫೋನಲ್ಲಿ ಮಾತಾಡಿದ್ದು ದೊಡ್ಡಣ್ಣ ಅಲ್ಲ. ನಾನು. ನಿಮ್ಮ ಮನಸ್ಸಿನ ಮಾತನ್ನ ಮೋಸ ಮಾಡಿ ಕೇಳ್ಕೊಂಡೆ. ನೀವು ನನ್ನ ಜೊತೆ ಇನ್ನು ಮಾತಾಡದೇ ಇದ್ರೂ ಸರಿ... ತಪ್ಪು ನಂದೇ."

ಅವನ ಮುಖದಲ್ಲಿ ಏನೂ ಕಾಣಲಿಲ್ಲ. ಅವಳ ಕಣ್ಣು ತುಂಬಿ ಬಂತು.

"ಗೊತ್ತು," ಎಂದ ಅವನು.

"ಏನು ಗೊತ್ತು?"

ಹಿಂದಿನ ಕುರ್ಚಿಯಿಂದ ಕೆಮ್ಮು ಕೇಳಿಸಿತು. ಆಮೇಲೆ ಗುಡುಗು. "ಹ್ಞೂಂ... ನೋಡಮ್ಮಾ... ಅವತ್ತು ಇವನು ನಮ್ಮ ಕಟ್ಟಡದ ಲಿಫ್ಟ್ ಪರೀಕ್ಷೆಗೆ ಬಂದಿದ್ದ. ಭಾರ ಹಾಕಿ ನೋಡೋಕೆ ಮರಳಿನ ಮೂಟೆ ಒಂದು ಕಮ್ಮಿ ಬಿತ್ತು ಅಂತ ನನ್ನನ್ನೇ ತೂಕಕ್ಕೆ ಒಳಗೆ ಕೂರಿಸಿದ್ದ. ನಾನು ಮೂಟೆಗಳ ಮಧ್ಯೆ ಬಿಸ್ಕತ್ತು ತಿಂತಾ ಕೂತಿದ್ದೀನಿ... ಇವನ ಫೋನ್ ಸ್ಪೀಕರಲ್ಲಿ ನಾನೇ ಮಾತಾಡ್ತಿದ್ದೀನಿ! ಸತ್ತುಗಿತ್ತು ಹೋದ್ನಾ ಅಂತ ನನ್ನ ಕೈ ನಾನೇ ಚಿವುಟಿಕೊಂಡೆ!"

ಅವಳು ಅವನತ್ತ ತಿರುಗಿದಳು.

"ಅಂದ್ರೆ... ನಾನು ಅಂತ ಗೊತ್ತಿದ್ದೂ... ನೆಗಡಿಯಾ ಅಂತ ಕೇಳಿದ್ರಾ? ಅಷ್ಟೂ ನಾಟಕನಾ?"

ಅವನು ಎರಡು ಹೆಜ್ಜೆ ಹತ್ತಿರ ಬಂದ. "ಕಚೇರಿ ಖಾತೆ ನಿಮ್ಮ ಹತ್ರ ಇತ್ತಲ್ಲ, ಗೊತ್ತಾಯ್ತು. ನೆಗಡಿ ಒಂದೇ ನಾಟಕ. ಮಿಕ್ಕಿದ್ದೆಲ್ಲ ನಿಜ. ಬೇರೆಯವರ ಧ್ವನಿಯಲ್ಲಿ ಬಂದೋರು ನೀವು. ನಾನು ನನ್ನ ಧ್ವನಿಯಲ್ಲೇ ಹೇಳಿದ್ದು, ನಿಮಗೇ ಹೇಳಿದ್ದು. ಎದುರಿಗೆ ನಿಂತು ಹೇಳೋ ಧೈರ್ಯ ಇರಲಿಲ್ಲ. ನೀವೇ ದಾರಿ ಮಾಡ್ಕೊಟ್ರಿ."

"ನನ್ನ ಚಿತ್ರ ಸೋತಿತು, ನಿಮ್ಮಿಂದ."

"ಹೌದು. ನೀವು ಬರೆದದ್ದು ಅಂತ ಗೊತ್ತಾದ್ರೆ ಮುಂದಿನ ವರ್ಷವೂ ಹಾಕಲ್ಲ. ಅದರ ಮುಂದಿನ ವರ್ಷವೂ."

"ಅಷ್ಟು ವರ್ಷ... 'ನಮ್ಮೋರೇ' ಆಗಿರ್ತೀನಾ?"

"ಅದನ್ನ ನೀವು ಹೇಳ್ಬೇಕು. ನಿಮ್ಮ ಧ್ವನಿಯಲ್ಲಿ."

ಅವಳು ತಲೆ ತಗ್ಗಿಸಿದಳು. ಯಾವ ಅನುಕರಣೆಯೂ ಇಲ್ಲದ, ಅವಳಿಗೇ ಅಷ್ಟಾಗಿ ಪರಿಚಯವಿಲ್ಲದ ಸಣ್ಣ ದನಿಯೊಂದು ಹೊರಬಂತು. "ಇರ್ತೀನಿ... ಕಣ್ರೀ."

ಯಾರೋ ಶಿಳ್ಳೆ ಹಾಕಿದರು. ದೊಡ್ಡಣ್ಣ ಮಾತ್ರ ಗಂಭೀರವಾಗಿ ಕೈಯೆತ್ತಿದರು.

"ಅದೆಲ್ಲ ಸರಿಯಪ್ಪಾ. ನಂದೊಂದು ಅನುಮಾನ. ಫೋನ್ ಇಟ್ಟ ಮೇಲೆ ಇವನನ್ನ ಕೇಳ್ದೆ, ನಾನು ನಿಜವಾಗ್ಲೂ ಹಾಗೇ ಮಾತಾಡ್ತೀನೇನೋ ಅಂತ. ಇವನು ಏನಂದ ಗೊತ್ತಾ? ದೊಡ್ಡಣ್ಣ, ನಿಮಗಿಂತ ಅವರೇ ಚೆನ್ನಾಗಿ ಮಾಡ್ತಾರೆ, ನೀವಿನ್ನೂ ಅಭ್ಯಾಸ ಮಾಡ್ಬೇಕು ಅಂದ! ಏನಂತೀರಿ?"

ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಕೆಳಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವನು ಪಂಪು ಬಿಟ್ಟು ಮೇಲೆ ನೋಡಿದ. ಅಷ್ಟೂ ನಗುವಿನ ಮೇಲೆ, ತಕ್ಕಡಿಯ ತೋಳು ಹಿಡಿದುಕೊಂಡು, ಕಣ್ಣೀರು ಸುರಿಸುತ್ತ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ.