ತಣ್ಣಗಿದ್ದಾಗ ಮಾತ್ರ

"ಎಂಜಿನ್ನಲ್ಲಿ ಟಿಕ್ ಟಿಕ್ ಅಂತಿದೆ," ಎಂದೆ.

"ಟಿಕೆಟ್ ಇಲ್ಲಿ ಸಿಗಲ್ಲ. ಬಸ್ ಸ್ಟ್ಯಾಂಡು ಆ ಕಡೆ," ಎಂದ ಮೆಕ್ಯಾನಿಕ್, ಬೇರೊಂದು ಕಾರಿನ ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ಚೇಷ್ಟೆ ಎಂದುಕೊಂಡೆ. ಹನ್ನೊಂದು ವರ್ಷದಿಂದ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿರುವವಳು ನಾನು. ನನ್ನ ಜೊತೆ ಯಾರೂ ಚೇಷ್ಟೆ ಮಾಡುವುದಿಲ್ಲ. ಅದಕ್ಕೇ ಇರಬೇಕು, ಸಿಟ್ಟು ಬರುವ ಬದಲು ನಗು ಬಂತು. ನಗು ಮುಗಿಯುವಷ್ಟರಲ್ಲಿ ಅವನು ಎದ್ದು ನಿಂತು ನನ್ನ ತುಟಿಗಳನ್ನೇ ನೋಡುತ್ತಿದ್ದ.

"ಇನ್ನೊಂದ್ಸಲ ಹೇಳಿ," ಎಂದ.

ಹೇಳಿದೆ. ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ನಿಧಾನ ಮಾಡಿ ಎಣಿಸಿದ್ದನ್ನೂ ಹೇಳಿದೆ. ನಿಮಿಷಕ್ಕೆ ನಾನೂರ ಹತ್ತು, ಎಂಜಿನ್ ತಿರುಗುವ ವೇಗದ ಸರಿಯಾಗಿ ಅರ್ಧ.

"ಮನೇಲಿ ಬೇರೆ ಕೆಲಸ ಇಲ್ವಾ ನಿಮಗೆ?"

"ನಿಮ್ಮ ಕೆಲಸ ಅರ್ಧ ಮಾಡ್ಕೊಟ್ಟಿದೀನಿ. ಅರ್ಧ ಬಿಲ್ ಹಾಕಿ."

ಕೌಂಟರಿನಲ್ಲಿ ಕೂತಿದ್ದ ಅವನ ಅಕ್ಕ ಗೊಳ್ಳೆಂದು ನಕ್ಕಳು. "ಇವನಿಗೆ ಸರಿಯಾದವರು ಸಿಕ್ರು ಕಣಮ್ಮ!"

ಅವನು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡ. ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಎಡಗಿವಿಯ ಹಿಂದಿನ ಮೂಳೆಗೆ ಆನಿಸಿ ಕಣ್ಣು ಮುಚ್ಚಿದ. ಅಂದಿನಿಂದ ನಾನು ಅವನನ್ನು ಡಾಕ್ಟ್ರು ಎಂದು ಕರೆದೆ. ಅವನು ನನ್ನನ್ನು ಲ್ಯಾಬ್ ಮೇಡಂ ಎಂದ.

ಆ ಸದ್ದು ಎಂಜಿನ್ ತಣ್ಣಗಿದ್ದಾಗ ಮಾತ್ರ ಬರುತ್ತಿತ್ತು. ನಾಲ್ಕು ನಿಮಿಷ ಬಿಸಿಯಾದರೆ ಮಾಯ. ಹಾಗಾಗಿ ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟು, ಬೆಳಿಗ್ಗೆ ಎಂಟಕ್ಕೆ ಇಬ್ಬರೂ ನಿಂತು ಸ್ಟಾರ್ಟ್ ಮಾಡಬೇಕಿತ್ತು. ದಿನಕ್ಕೆ ನಾಲ್ಕೇ ನಿಮಿಷ. ನಾನು ಏಳೂವರೆಗೇ ಬರುತ್ತಿದ್ದೆ.

ಮೊದಲು ವಾಲ್ವುಗಳ ಸಂದಿಯನ್ನು ಸರಿ ಮಾಡಿದ. ಸದ್ದು ಹೋಗಲಿಲ್ಲ.

"ಡಾಕ್ಟ್ರೇ, ರೋಗಿ ಇನ್ನೂ ನರಳ್ತಿದೆ."

"ರೋಗಿಗೆ ಇಲ್ಲಿಂದ ಹೋಗೋಕೆ ಇಷ್ಟ ಇಲ್ಲ," ಎಂದ, ಮತ್ತೆ ನನ್ನ ತುಟಿಗಳನ್ನು ನೋಡುತ್ತ. ಆ ನೋಟವನ್ನು ನಾನು ಇಡೀ ದಿನ ಲ್ಯಾಬಿನಲ್ಲಿ ಹೊತ್ತು ತಿರುಗುತ್ತಿದ್ದೆ. ಒಂದು ಸಲ ರೀಡಿಂಗ್ ಬರೆದುಕೊಳ್ಳುವುದನ್ನೇ ಮರೆತೆ.

ಎಂಟನೆಯ ದಿನ ಅವನ ಬೆರಳಿಗೆ ಮಸಿ ಹತ್ತಿತು. ಹೊಗೆ ಹೋಗುವ ಕೊಳವೆ ಎಂಜಿನ್ನಿಗೆ ಸೇರುವಲ್ಲಿ ಒಂದು ಬೋಲ್ಟ್ ಮುರಿದಿತ್ತು. ಅಲ್ಲಿ ಬಿಟ್ಟುಕೊಂಡ ಕೂದಲೆಳೆಯಷ್ಟು ಬಿರುಕಿನಿಂದ ಗಾಳಿ ಚಿಮ್ಮಿ ಟಿಕ್ ಎನ್ನುತ್ತಿತ್ತು. ಬಿಸಿಯಾದರೆ ಲೋಹ ಹಿಗ್ಗಿ ಬಿರುಕು ಮುಚ್ಚುತ್ತಿತ್ತು.

"ಅಂದ್ರೆ ನಾಳೆಯಿಂದ ಬರೋದು ಬೇಡ," ಎಂದೆ.

"ಹೊಸ ಬೋಲ್ಟ್ ಹಾಕಿದ ಮೇಲೆ ಒಂದ್ಸಲ ಬನ್ನಿ."

ಆ ಕೊನೆಯ ಬೆಳಿಗ್ಗೆ ಎಂಜಿನ್ ಓಡುತ್ತಿತ್ತು, ಟಿಕ್ ಇರಲಿಲ್ಲ. ಮನೆಯಲ್ಲಿ ಚಿಕ್ಕಪ್ಪ ಒಂದು ಸಂಬಂಧ ತಂದಿದ್ದರು. ಒಳ್ಳೆಯ ಮನುಷ್ಯ, ಬೇಡ ಎನ್ನಲು ಕಾರಣವೇ ಇಲ್ಲ. ನಾನು ಡಾಕ್ಟ್ರ ಬಲಕ್ಕೆ ನಿಂತಿದ್ದೆ. ಮುಖ ನೋಡಿ ಹೇಳುವ ಧೈರ್ಯವಿಲ್ಲದೆ ಬ್ಯಾಟರಿಯನ್ನು ನೋಡುತ್ತ ಹೇಳಿದೆ.

"ಭಾನುವಾರ ಮನೇಲಿ ನೋಡಿರೋ ಗಂಡಿಗೆ ಹೂಂ ಅನ್ಬೇಕಂತೆ. ನೀವು ಬೇಡ ಅಂದ್ರೆ ಅನ್ನಲ್ಲ. ಏನ್ ಮಾಡ್ಲಿ?"

ಅವನು ಗಾಡಿಯನ್ನೊಮ್ಮೆ ನೋಡಿದ. ಆಮೇಲೆ ಕೈ ಒರೆಸಿಕೊಂಡು ನಕ್ಕ.

"ಧಾರಾಳವಾಗಿ. ಇನ್ನೇನೂ ಯೋಚನೆ ಮಾಡ್ಬೇಡಿ."

ಬಾನೆಟ್ ಮುಚ್ಚಿದ. ನಾನು ಗಾಡಿ ತೆಗೆದುಕೊಂಡು ಬಂದೆ. ಭಾನುವಾರ ಹೂಂ ಎಂದೆ.

ಮದುವೆಯಾಗಿ ಹನ್ನೆರಡನೆಯ ದಿನ ಕಾರನ್ನು ಮಾರಲು ಕೊಡುವುದಕ್ಕೆ ಗ್ಯಾರೇಜಿಗೆ ಹೋದೆ. ಮರುದಿನ ನಾವು ಊರು ಬಿಡುವವರಿದ್ದೆವು. ಅಕ್ಕ ನನ್ನ ಉಂಗುರವನ್ನು ನೋಡಿದಳು. ಅವನು ಒಳಗೆ ಬೆನ್ನು ಮಾಡಿ ನಿಂತಿದ್ದ. "ಡಾಕ್ಟ್ರೇ," ಎಂದೆ. ಎರಡು ಸಲ ಕರೆದರೂ ತಿರುಗಲಿಲ್ಲ.

"ಸಿಟ್ಟಾ ಅವರಿಗೆ?" ಎಂದೆ ಅಕ್ಕನಿಗೆ.

"ಎಂಥ ಸಿಟ್ಟು? ಬಲಗಿವಿ ಹೋಗಿ ಆರು ವರ್ಷ ಆಯ್ತು, ಎಡಗಿವಿ ಅರ್ಧ. ತುಟಿ ನೋಡ್ಕೊಂಡೇ ಕಾಲ ಹಾಕ್ತಿದಾನೆ. ಯಾರಿಗೂ ಹೇಳ್ಬೇಡಿ ತಾಯಿ. ಕಿವುಡ ಮೆಕ್ಯಾನಿಕ್ ಹತ್ರ ಸದ್ದು ಮಾಡೋ ಗಾಡಿ ಯಾರು ತರ್ತಾರೆ?"

ಟಿಕೆಟ್. ತುಟಿ. ಧಾರಾಳವಾಗಿ. ಒಂದರ ಹಿಂದೆ ಒಂದು ಬಂದು ಸಾಲಾಗಿ ನಿಂತವು. ಬಲಗಡೆ ನಿಂತು, ಓಡುವ ಎಂಜಿನ್ನಿನ ಮುಂದೆ, ತಲೆ ತಗ್ಗಿಸಿ ನಾನು ಬ್ಯಾಟರಿಗೆ ಹೇಳಿದ್ದೆ. ಗಾಡಿ ಒಯ್ಯಲಾ ಎಂದು ಕೇಳಿದೆನೆಂದುಕೊಂಡು ಅವನು ಅಪ್ಪಣೆ ಕೊಟ್ಟಿದ್ದ. ಹಾಗಾದರೆ ಆ ನೋಟವೂ ಬರೀ ಕೇಳಿಸಿಕೊಳ್ಳುವ ಉಪಾಯವೇ?

ಅವನು ತಿರುಗಿದ. ಉಂಗುರ ಕಂಡಿತು. ಬಟ್ಟೆಯಲ್ಲಿ ಕೈಗಳನ್ನು ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿದ.

"ಅವತ್ತು ಏನೋ ಹೇಳಿದ್ರಿ," ಎಂದ. "ನನಗೆ ಸರಿಯಾಗಿ... ಇನ್ನೊಂದ್ಸಲ ಕೇಳ್ಬೇಕು ಅಂದ್ಕೊಂಡೆ. ನಾಚಿಕೆ ಆಯ್ತು. ದಿನಾ ಎಂಟು ಗಂಟೆಗೆ ಅದೇ ಯೋಚನೆ. ಏನದು?"

ಬಾಯಿ ತೆರೆದೆ. ತುಟಿ ನಡುಗುತ್ತಿತ್ತು. ಅವನಿಗೆ ಓದಲಾಗಲಿಲ್ಲ. ಬೆಂಚಿನ ಮೇಲಿದ್ದ ಸ್ಕ್ರೂಡ್ರೈವರನ್ನು ತಾನೇ ಎತ್ತಿಕೊಂಡು ಹಿಡಿಯನ್ನು ಎಡಗಿವಿಯ ಹಿಂದೆ ಇಟ್ಟ. ತುದಿ ನಮ್ಮಿಬ್ಬರ ನಡುವೆ ಗಾಳಿಯಲ್ಲಿ ನಿಂತಿತು, ನನ್ನನ್ನು ಮುಟ್ಟದೆ.

ನಾನೇ ಅದನ್ನು ಹಿಡಿದು ಕತ್ತಿನ ಕೆಳಗಿನ ಮೂಳೆಗೆ ಆನಿಸಿಕೊಂಡೆ. ಉಕ್ಕು ತಣ್ಣಗಿತ್ತು.

ನಿಜ ಹೇಳಿದರೆ ಇವನು ಬದುಕಿಡೀ ತನ್ನ ಕಿವಿಯನ್ನು ಶಪಿಸುತ್ತಾನೆ.

"ಗಾಡಿ ಒಯ್ಯಬಹುದಾ ಅಂತ ಕೇಳಿದ್ದೆ, ಅಷ್ಟೇ," ಎಂದೆ.

ಅವನು ಕಣ್ಣು ಮುಚ್ಚಿದ್ದ. ಸ್ಕ್ರೂಡ್ರೈವರ್ ತೆಗೆಯಲಿಲ್ಲ. ಮಾತು ಮುಗಿದು ಎಷ್ಟೋ ಹೊತ್ತಾದರೂ ತೆಗೆಯಲಿಲ್ಲ. ಆಗ ನನಗೆ ಹೊಳೆಯಿತು, ಅವನು ಈಗ ಕೇಳುತ್ತಿರುವುದು ಮಾತನ್ನಲ್ಲ, ನನ್ನ ಎದೆಬಡಿತವನ್ನು.

"ಸ್ಪೀಡು ಜಾಸ್ತಿ ಇದೆ," ಎಂದ ಮೆಲ್ಲಗೆ. "ಹೇಳಿದ್ದಕ್ಕೂ ಇದಕ್ಕೂ ತಾಳೆ ಆಗ್ತಿಲ್ಲ, ಮೇಡಂ."

"ರಿಪೇರಿ ಆಗುತ್ತಾ ಡಾಕ್ಟ್ರೇ?"

ಕಣ್ಣು ತೆರೆದ. ಈ ಸಲ ತುಟಿಗಳನ್ನು ನೋಡಲಿಲ್ಲ, ಕಣ್ಣುಗಳನ್ನು ನೋಡಿದ.

"ಇದನ್ನ ಬಿಚ್ಚೋದು ಬೇಡ," ಎಂದ. "ಓಡ್ತಾ ಓಡ್ತಾ ಸದ್ದು ನಿಂತ್ಹೋಗುತ್ತೆ. ತಣ್ಣಗಿದ್ದಾಗ ಮಾತ್ರ ಕೇಳುತ್ತೆ."

ಕಾರಿನ ಕೀಲಿಯನ್ನು ಬೆಂಚಿನ ಮೇಲಿಟ್ಟು ಹೊರಬಂದೆ.