ಮಮತಳ ಚಿಪ್, ಅಂಬರೀಶನ ಕಿವಿ

ಸುಟ್ಟ ವಾಸನೆ!

ಲ್ಯಾಬಿನ ಬಾಗಿಲು ತಳ್ಳಿದ ಮಮತಳ ಎದೆ ಧಸಕ್ಕೆಂದಿತು. ಟೆಸ್ಟ್ ಬೋರ್ಡಿನ ನಡುವಿನಿಂದ ನೂಲಿನಂಥ ಹೊಗೆ ಏಳುತ್ತಿತ್ತು. ಅದರ ಮುಂದೆ ಅವಳು ಎಂದೂ ನೋಡಿರದ ಯುವಕನೊಬ್ಬ ಕೈಯಲ್ಲಿ ವೈರ್ ಹಿಡಿದು ನಿಂತಿದ್ದ.

"ಅಯ್ಯೋ! ಏನ್ ಮಾಡ್ಬಿಟ್ರಿ? ಯಾರ್ರೀ ನೀವು?"

"ಅಂಬರೀಶ್. ಟೆಸ್ಟಿಂಗ್‌ಗೆ ಇವತ್ತೇ ಸೇರಿದೀನಿ ಮೇಡಂ. ಇದು... ನಾನು ಸುಟ್ಟಿದ್ದಲ್ಲ. ಅದೇ ಸುಟ್ಕೊಂಡಿದ್ದು."

"ಅದೇ ಸುಟ್ಕೊಳ್ಳೋಕೆ ಅದೇನು ಊದಿನಕಡ್ಡೀನಾ? ವರ್ಷವೆಲ್ಲಾ ಕೂತು ಡಿಸೈನ್ ಮಾಡಿದ ಚಿಪ್ ರೀ ಅದು!"

ಅವಳ ಕಣ್ಣು ತುಂಬಿದ್ದನ್ನು ಅವನು ನೋಡಿದ. ಆದರೂ ಮಾತು ಬದಲಿಸಲಿಲ್ಲ.

"ಆನ್ ಮಾಡಿದ ತಕ್ಷಣ ಒಳಗಿನ ಎರಡು ಸ್ವಿಚ್ಚೂ ಒಟ್ಟಿಗೇ ಆನ್ ಆಗ್ತಿವೆ. ಒಳಗೇ ಶಾರ್ಟು. ಬೇಕಾದ್ರೆ ಇನ್ನೊಂದು ಹಾಕಿ ತೋರಿಸ್ಲಾ?"

"ಇನ್ನೊಂದನ್ನೂ ಸುಡ್ತೀರಾ?"

"ನಿಮ್ಮ ಕಣ್ಣೆದುರಿಗೇ."

ಹಾಕಿದ. ಮತ್ತೆ ಹೊಗೆ ಎದ್ದಿತು.

ಅವನು ಹೇಳಿದ್ದು ನಿಜವಾಗಿತ್ತು. ಅವಳಿಗೆ ಸಹಿಸಲಾಗದೇ ಹೋದದ್ದೂ ಅದೇ!

ದೇವನಹಳ್ಳಿ ಪಕ್ಕದ ಆ ಸಣ್ಣ ಕಂಪನಿಯಲ್ಲಿ ಮಮತ ಚಿಪ್ ಡಿಸೈನ್ ಮಾಡುತ್ತಿದ್ದಳು. ಮನೆ ನಂದಗುಡಿ. ಅಪ್ಪ ಮುನಿರಾಮಯ್ಯನಿಗೆ ರಾಗಿ, ಟೊಮೆಟೊ, ಎರಡು ಹಸು. ಅಮ್ಮ ಅನುಸೂಯಮ್ಮನಿಗೆ ನಾಲ್ಕೈದು ವರ್ಷಗಳಿಂದ ಕಿವಿ ಮಂದ.

ಮಗಳು ಮೊದಲ ಸಂಬಳ ಬಂದಾಗಲೇ ಅಮ್ಮನಿಗೆ ಕಿವಿ ಮೆಷಿನ್ ಕೊಡಿಸಿದ್ದಳು. ಅಮ್ಮ ಅದನ್ನು ಹಾಕಿಕೊಂಡದ್ದು ಒಂದು ವಾರ ಮಾತ್ರ.

"ಗುಂಯ್ ಅಂತದೆ ಕಣವ್ವ. ಜೇನು ಹೊಕ್ಕಂಗೆ. ಇದಕ್ಕಿಂತ ಕೇಳಿಸ್ದೇ ಇರೋದೇ ವಾಸಿ!"

ಆ ಗುಂಯ್ ಸದ್ದು ಎಲ್ಲಿಂದ ಬರುತ್ತದೆಂದು ಮಮತಳಿಗೆ ಗೊತ್ತಿತ್ತು. ಕಿವಿ ಮೆಷಿನ್ನಿನ ಚಿಪ್ಪಿಗೆ ಎರಡು ಕೆಲಸ. ಸಣ್ಣ ಬ್ಯಾಟರಿಯ ಪವರನ್ನು ಬೇಕಾದ ಮಟ್ಟಕ್ಕೆ ಏರಿಸುವುದು ಒಂದು. ಹೊರಗಿನ ಮಾತನ್ನು ಅಳೆದು ಅಂಕಿಗಳಾಗಿ ಬದಲಿಸುವುದು ಇನ್ನೊಂದು. ಪವರ್ ಏರಿಸುವ ಸ್ವಿಚ್ಚುಗಳು ಕ್ಷಣಕ್ಕೆ ಸಾವಿರಾರು ಸಲ ಮುಚ್ಚಿ ತೆರೆಯುತ್ತವೆ. ಆ ಗಲಾಟೆ ಪಕ್ಕದ ಅಳತೆಯೊಳಗೆ ಸೋರಿದರೆ... ಗುಂಯ್!

ಮಾತನ್ನು ಅಳೆಯುವ ಆ ಒಂದು ಗಳಿಗೆ ಸ್ವಿಚ್ಚುಗಳನ್ನು ಸುಮ್ಮನಾಗಿಸಿದರೆ? ಯಾವಾಗ ಸುಮ್ಮನಾಗಬೇಕೆಂದು ಚಿಪ್ಪೇ ತೀರ್ಮಾನಿಸುವಂತೆ ಮಾಡಿದರೆ? ಇದು ಅವಳದೇ ಯೋಚನೆ. ಕಂಪನಿಯ ಮುಖ್ಯಸ್ಥ ಶ್ರೀಧರ್ ಸರ್ ಇದಕ್ಕೆ ಪೇಟೆಂಟ್ ಹಾಕಲು ಒಪ್ಪಿದ್ದರು.

ಅಂಥ ಚಿಪ್ ಅಂಬರೀಶನ ಕೈಯಲ್ಲಿ ಹೊಗೆಯಾಗಿತ್ತು!

ವಾರವಿಡೀ ಅವಳು ಅವನ ಮುಖ ನೋಡಲಿಲ್ಲ. ಆಮೇಲೆ ನೋಡದೆ ವಿಧಿಯಿರಲಿಲ್ಲ. ಅವಳು ಸರಿಪಡಿಸಿದ್ದನ್ನು ಅವನು ಬಿಡಿ ಭಾಗಗಳಿಂದ ಬೋರ್ಡಿನ ಮೇಲೆ ಕಟ್ಟಿ ಟೆಸ್ಟ್ ಮಾಡಬೇಕು, ಅವನು ಹಿಡಿದ ತಪ್ಪನ್ನು ಅವಳು ತಿದ್ದಬೇಕು.

ಬೇರೆಯವರು ಪರದೆಯ ಮೇಲೆ ಸದ್ದಿನ ಗೆರೆ ನೋಡಿ ಎದ್ದು ಹೋಗುತ್ತಿದ್ದರು. ಅಂಬರೀಶ್ ಮಾತ್ರ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದ.

"ಗೆರೆ ನೋಡಿದ್ರೆ ಸಾಲದಾ?"

"ನಿಮ್ಮಮ್ಮ ಗೆರೆ ನೋಡಲ್ವಲ್ಲ ಮೇಡಂ. ಕೇಳಿಸ್ಕೊಳ್ತಾರೆ."

ಅಮ್ಮನ ವಿಷಯ ಅವಳು ಯಾವಾಗಲೋ ಟೀ ಕುಡಿಯುವಾಗ ಒಂದೇ ಒಂದು ಸಲ ಹೇಳಿದ್ದಳು. ಇವನು ಅದನ್ನು ನೆನಪಿಟ್ಟುಕೊಂಡಿದ್ದಾನೆ!

ಅವತ್ತಿನಿಂದ ಅವಳಿಗೆ ಒಂದು ಹೊಸ ಚಡಪಡಿಕೆ ಶುರುವಾಯಿತು. ಲ್ಯಾಬಿನ ಬಾಗಿಲು ಸದ್ದಾದರೆ ತಲೆ ತಾನಾಗಿ ತಿರುಗುತ್ತಿತ್ತು. ಅವನಲ್ಲದಿದ್ದರೆ ಸಪ್ಪೆ. ಅವನಾದರೆ... ಕೀಬೋರ್ಡಿನ ಮೇಲೆ ಬೆರಳು ತಪ್ಪುತ್ತಿತ್ತು.

'ಏನಾಗಿದೆ ನಿಂಗೆ? ಚಿಪ್ ಮುಗಿಸು ಮೊದ್ಲು!' ಎಂದು ತನಗೆ ತಾನೇ ಗದರಿಕೊಳ್ಳುತ್ತಿದ್ದಳು.

ತಿದ್ದಿದ ಡಿಸೈನನ್ನು ತಯಾರಿಕೆಗೆ ಕಳಿಸುವ ಶುಕ್ರವಾರ ಬಂತು. ಒಮ್ಮೆ ಕಳಿಸಿದರೆ ಒಂದು ಗೆರೆಯನ್ನೂ ತಿದ್ದಲಾಗದು. ಅವತ್ತು ತಪ್ಪಿದರೆ ಇನ್ನು ಮೂರು ತಿಂಗಳು ಕಾಯಬೇಕು.

ಬೆಳಿಗ್ಗೆ ಅವಳು ಅಮ್ಮನನ್ನು ಹೊಸಕೋಟೆಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಫೋನ್ ಸೈಲೆಂಟಾಗಿ ಬ್ಯಾಗಿನ ತಳದಲ್ಲಿತ್ತು. ಬರುವಾಗ ಎಲ್ಲರಿಗೂ ಮೈಸೂರ್ ಪಾಕ್ ಕಟ್ಟಿಸಿಕೊಂಡು, ಏದುಸಿರು ಬಿಡುತ್ತಾ ಮೀಟಿಂಗಿಗೆ ಓಡಿ ಬಂದಳು.

ಒಳಗೆ ಅಂಬರೀಶನ ಧ್ವನಿ ಕೇಳಿಸಿತು.

"ಇದನ್ನ ಕಳಿಸೋದು ಬೇಡ ಸರ್."

ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

ಶ್ರೀಧರ್ ಸರ್ ತಿರುಗಿದರು. "ಬಾಮ್ಮ ಮಮತ. ಬ್ಯಾಟರಿ ಕಮ್ಮಿಯಾದಾಗ ತೊಂದರೆ ಇದೆ ಅಂತಿದಾರೆ ಅಂಬರೀಶ್. ಒಂದು ಬದಲಾವಣೇನೂ ಸೂಚಿಸಿದಾರೆ. ಮುಂದಿನ ಸಲ ಕಳಿಸೋಣ. ಪೇಟೆಂಟಲ್ಲಿ ಇವರ ಹೆಸರೂ ಸೇರಿಸಿದ್ರೆ ಹೇಗೆ?"

ಅವಳ ಕಿವಿಗೆ ಬಿದ್ದದ್ದು ಆ ಕೊನೆಯ ಮಾತು ಮಾತ್ರ. ಸಿಹಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು. ಅಂಬರೀಶ್ ಕಾರಿಡಾರಿನಲ್ಲಿ ಓಡಿ ಬಂದ.

"ಮೇಡಂ, ಎಷ್ಟು ಸಲ ಫೋನ್ ಮಾಡ್ದೆ..."

"ಎತ್ತಲಿಲ್ಲ ಅಂದ್ರೆ ಕಾಯೋಕಾಗ್ತಿರ್ಲಿಲ್ವಾ? ಎಲ್ಲರ ಮುಂದೇನೇ ಹೇಳ್ಬೇಕಿತ್ತಾ?"

"ಕಾಯ್ದಿದ್ರೆ ಕಳಿಸ್ಬಿಡ್ತಿದ್ರು. ನೀವೇ ಒಂದ್ಸಲ ಕೇಳಿ, ಗೊತ್ತಾಗತ್ತೆ." ಅವನು ಹೆಡ್‌ಫೋನ್ ಮುಂದೆ ಚಾಚಿದ.

ಅವಳು ಅವನ ಕೈಯನ್ನು ತಳ್ಳಿಬಿಟ್ಟಳು.

"ಇದಕ್ಕೇನಾ ಇಷ್ಟು ದಿನ ಹತ್ರ ಬಂದಿದ್ದು? ನನ್ನ ಕೆಲ್ಸಕ್ಕೆ ನಿಮ್ಮ ಹೆಸರು ಅಂಟಿಸ್ಕೊಳ್ಳೋಕಾ?"

ಅಂಬರೀಶ್ ಹೆಡ್‌ಫೋನ್ ಹಿಂದಕ್ಕೆ ತೆಗೆದುಕೊಂಡ. ಬಲಗಿವಿಯನ್ನು ಅಂಗೈಯಿಂದ ಒತ್ತಿಕೊಂಡು ಹೊರಟುಹೋದ.

ಸೋಮವಾರ ಅವನ ಕುರ್ಚಿ ಖಾಲಿಯಿತ್ತು. ನೆಲಮಂಗಲದಲ್ಲಿ ಕಂಪನಿಯ ಗಿರಾಕಿಯೊಬ್ಬರ ಕಾರ್ಖಾನೆಯ ಟೆಸ್ಟಿಂಗ್ ಕೆಲಸವನ್ನು ತಾನೇ ಕೇಳಿ ಹಾಕಿಸಿಕೊಂಡು ಹೋಗಿದ್ದನಂತೆ.

'ಹೋಗ್ಲಿ! ಒಳ್ಳೇದೇ ಆಯ್ತು!'

ಒಳ್ಳೆಯದಾಗಿದ್ದರೆ ಅನ್ನ ಯಾಕೆ ಸೇರುತ್ತಿಲ್ಲ? ಕೂತರೆ ಏಳಬೇಕು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದು. ಫೋನ್ ತೆಗೆದು ಅವನ ಹೆಸರು ನೋಡಿ, ಮತ್ತೆ ಒಳಗಿಡುವುದು. ಎಷ್ಟು ಸಲ!

ಕೊನೆಗೆ ಅವನದೇ ತಪ್ಪೆಂದು ಸಾಧಿಸಿ ತೋರಿಸುವ ಹಟಕ್ಕೆ ಬಿದ್ದಳು. ಅವನ ಮೇಜಿನ ಬಳಿ ಕೂತು ಬ್ಯಾಟರಿಯ ಮಟ್ಟ ಇಳಿಸಿದಳು. ಹೆಡ್‌ಫೋನ್ ಹಾಕಿಕೊಂಡಳು. ಸ್ವಲ್ಪ ಹೊತ್ತು ಎಲ್ಲ ಸರಿಯಾಗಿತ್ತು. ಅವಳ ತುಟಿಯಂಚಿನಲ್ಲಿ ನಗು ಮೂಡುತ್ತಿತ್ತು. ಆಗ...

ಕೀಂಽಽಽ!

ಕಿವಿಗೆ ಸೂಜಿ ಚುಚ್ಚಿದಂತಾಗಿ ಹೆಡ್‌ಫೋನ್ ಕಿತ್ತೆಸೆದಳು. ಬ್ಯಾಟರಿ ಸೋತಾಗಲೂ ಚಿಪ್ ಸ್ವಿಚ್ಚುಗಳನ್ನು ನಿಲ್ಲಿಸಿ ನಿಲ್ಲಿಸಿ, ಕಡೆಗೆ ತಾನೇ ಹತೋಟಿ ತಪ್ಪಿ ಕಿರುಚಿತ್ತು!

ಇದು ಅಮ್ಮನ ಕಿವಿಯಲ್ಲಿ ಆಗಿದ್ದರೆ?

ಡಿಸೈನ್ ತಂಡದ ಶಿಲ್ಪ ಸದ್ದಿಗೆ ಓಡಿ ಬಂದಳು.

"ಲೇ, ಹುಚ್ಚೀನಾ ನಿಂಗೆ? ಅವತ್ತು ಅವ್ನೂ ಹಿಂಗೇ ಹಾಕ್ಕೊಂಡು ಕೂತಿದ್ದ. ಎರಡು ದಿನ ಬಲಗಿವಿ ಸರ್ಯಾಗಿ ಕೇಳಿಸ್ಲಿಲ್ವಂತೆ ಅವ್ನಿಗೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಅವ್ನ ಹೆಸರೆತ್ತೋಕೆ ಬಿಟ್ರೆ ತಾನೆ? ಇನ್ನೊಂದು ಗೊತ್ತಾ? ಪೇಟೆಂಟಲ್ಲಿ ಹೆಸರು ಅಂತ ಸರ್ ಅಂದ್ರಲ್ಲ... ನೀನು ಹೊರಗೆ ಹೋಗ್ತಿದ್ದಂಗೆ ಅವ್ನು ಏನಂದ ಗೊತ್ತಾ? 'ಯೋಚನೆ ಪೂರ್ತಿ ಮಮತ ಅವರದ್ದು ಸರ್. ನನ್ನ ಹೆಸರು ಬೇಡ' ಅಂದ. ಅಷ್ಟೇ ಹೇಳಿ ನಿನ್ನ ಹಿಂದೆ ಓಡ್ದ."

ಮಮತ ಅಲ್ಲೇ ಕುಸಿದು ಕೂತಳು. ಅಯ್ಯೋ... ಎಂಥ ಮಾತಾಡಿಬಿಟ್ಟೆ!

ಅವತ್ತೇ ಫೋನ್ ಮಾಡಿದಳು. ಎತ್ತಲಿಲ್ಲ. ಮೆಸೇಜ್ ಬರೆದು ಬರೆದು ಅಳಿಸಿದಳು. ಬರೀ 'ಸಾರಿ' ಹಿಡಿದುಕೊಂಡು ಅವನ ಮುಂದೆ ಹೇಗೆ ನಿಲ್ಲುವುದು? ಮೊದಲು ತಪ್ಪು ತಿದ್ದಬೇಕು.

ಅವನು ಸೂಚಿಸಿದ್ದು, ಬ್ಯಾಟರಿ ಇಳಿದಾಗ ಸ್ವಿಚ್ಚುಗಳನ್ನು ನಿಲ್ಲಿಸುವುದನ್ನೇ ಬಿಡುವುದು. ಕಿರುಚುವುದಿಲ್ಲ, ನಿಜ. ಆದರೆ ಆ ಗುಂಯ್ ಮರಳಿ ಬರುತ್ತದೆ. ಎರಡೂ ಇಲ್ಲದ ದಾರಿ ಯಾವುದು? ಊಟದಲ್ಲಿ, ಬಸ್ಸಿನಲ್ಲಿ, ಸ್ನಾನದಲ್ಲಿ ಅದೇ ಯೋಚನೆ.

ಭಾನುವಾರ ಹಿತ್ತಲಲ್ಲಿ ಅದನ್ನೇ ಯೋಚಿಸುತ್ತಾ ಅತ್ತಿಂದಿತ್ತ ತಿರುಗುತ್ತಿದ್ದವಳು ನೀರೆತ್ತುವ ಮೋಟರಿನ ಸದ್ದು ಕಿರಿಕಿರಿಯೆನಿಸಿ ಸ್ವಿಚ್ಚಿಗೆ ಕೈ ಹಾಕಿದಳು.

ಟೊಮೆಟೊ ಸಾಲಿನಿಂದ ಮುನಿರಾಮಯ್ಯ ಕೂಗಿದ. "ಏಯ್, ನಿಲ್ಲಿಸ್ಬೇಡ ಕಣವ್ವ! ತೊಟ್ಟಿ ತುಂಬ್ಲಿ. ತುಂಬಿದ್ಮೇಲೆ ಎಷ್ಟೊತ್ತು ಬೇಕಾದ್ರೂ ನಿಲ್ಸು!"

ಅವಳು ನಿಂತಲ್ಲೇ ನಿಂತಳು.

ತೊಟ್ಟಿ... ಚಿಪ್ಪಿನೊಳಗೊಂದು ಪುಟ್ಟ ತೊಟ್ಟಿ! ಮೊದಲು ಅದಕ್ಕೆ ಪವರ್ ತುಂಬಿಕೊಳ್ಳಬೇಕು. ತುಂಬಿದ್ದರೆ ಮಾತ್ರ ಸ್ವಿಚ್ ನಿಲ್ಲಬೇಕು. ಆ ನಿಶ್ಶಬ್ದದಲ್ಲಿ ಅಳತೆಯ ಭಾಗ ತೊಟ್ಟಿಯದನ್ನೇ ಕುಡಿಯಬೇಕು. ಬ್ಯಾಟರಿ ತೀರಾ ಸೋತು ತೊಟ್ಟಿಯೇ ತುಂಬದಿದ್ದರೆ, ಕಿರುಚುವ ಮೊದಲೇ ಸದ್ದು ಮೆಲ್ಲಗೆ ಇಳಿದು ಆರಬೇಕು.

"ಅಪ್ಪಾ!" ಎಂದು ಓಡಿ ಹೋಗಿ ಕೆಸರಿನಲ್ಲೇ ಅಪ್ಪನನ್ನು ತಬ್ಬಿಕೊಂಡಳು. ಮುನಿರಾಮಯ್ಯನಿಗೆ ಏನೊಂದೂ ತಿಳಿಯಲಿಲ್ಲ. "ಏನಾಯ್ತವ್ವ?" ಎಂದು ಗಾಬರಿಯಾದ.

ಹೊಸ ಡಿಸೈನ್ ಮೂರು ತಿಂಗಳ ನಂತರದ ಸರದಿಗೆ ಸರಿಯಾಗಿ ತಯಾರಿಕೆಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಮತಳ ಕಣ್ಣು ಮಾತ್ರ ಆ ಖಾಲಿ ಕುರ್ಚಿಯ ಮೇಲಿತ್ತು.

ಮರುದಿನ ರಜೆ. ಸ್ಕೂಟರ್ ಹತ್ತಿದಳು. ದೇವನಹಳ್ಳಿ, ದೊಡ್ಡಬಳ್ಳಾಪುರ ದಾಟಿ ಅಂಬರೀಶನ ಊರಾದ ಮಧುರೆಯಲ್ಲಿ ಅವನ ಮನೆ ಕೇಳಿಕೊಂಡು ಹೋಗುವಷ್ಟರಲ್ಲಿ ಬಾಯಿ ಒಣಗಿತ್ತು. ಏನಂತ ಶುರು ಮಾಡಲಿ? ಬೈದರೆ? ಮಾತೇ ಆಡದಿದ್ದರೆ?

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಬೈರಮ್ಮ ತಲೆಯೆತ್ತಿದಳು.

"ಯಾರವ್ವ?"

"ಅಂಬರೀಶ್ ಅವರನ್ನ ನೋಡ್ಬೇಕಿತ್ತು ಅಮ್ಮ. ನಾನು ಮಮತ ಅಂತ, ಅವರ ಆಫೀಸಲ್ಲಿ..."

"ಓ... ನೀನೇನಾ?" ಬೈರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನ್ನ ಹೆಸ್ರು ಬಂದಾಗೆಲ್ಲ ಫೋನು ನೋಡ್ಕಂಡು ಕೂತಿರ್ತಾನೆ. ಎತ್ತೋದೂ ಇಲ್ಲ, ಮಾಡೋದೂ ಇಲ್ಲ. ಹೋಗು, ಹಿಂದೆ ಸೊಪ್ಪು ಕೊಯ್ತಾವ್ನೆ. ನೀನಾದ್ರೂ ಬುದ್ಧಿ ಹೇಳು!"

ಹಿಪ್ಪುನೇರಳೆ ಸಾಲಿನ ನಡುವೆ ಅಂಬರೀಶ್ ಬಗ್ಗಿ ನಿಂತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಸೊಪ್ಪಿನ ಹೊರೆ ಜಾರಿತು.

"ಮೇಡಂ... ನೀವು ಇಲ್ಲಿ?"

ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

"ಕಿವಿ ಹೇಗಿದೆ?" ಅಷ್ಟೇ ಕೇಳಿದಳು. ಕೇಳಿದವಳೇ ಅತ್ತುಬಿಟ್ಟಳು.

"ಅಯ್ಯೋ, ಚೆನ್ನಾಗಿದೆ ಮೇಡಂ! ಅಳ್ಬೇಡಿ."

"ಅವತ್ತು ನಾನಂದಿದ್ದು... ಅಂಥ ಮಾತು ಯಾರೂ ಆಡ್ಬಾರ್ದು. ತಪ್ಪಾಯ್ತು. ಕೇಳಿಸ್ಕೊಂಡೆ ನಾನು, ಆ ಕಿರುಚೋದನ್ನ. ನೀವು ತಡೀದೇ ಇದ್ದಿದ್ರೆ ಅದು ಅಮ್ಮನ ಕಿವೀಲಿ..."

"ನಂಗೂ ಕಣ್ಮುಂದೆ ಬಂದಿದ್ದು ನಿಮ್ಮಮ್ಮನೇ. ಅದಕ್ಕೇ ಸುಮ್ಮನಿರೋಕಾಗ್ಲಿಲ್ಲ." ಅವನು ನೆಲ ನೋಡಿದ. "ನಂಗೂ ಕೋಪ ಬಂದಿತ್ತು, ಇಲ್ಲ ಅನ್ನಲ್ಲ. ಫೋನ್ ಎತ್ತಿದ್ರೆ ಏನಾದ್ರೂ ಅಂದ್ಬಿಡ್ತೀನೇನೋ ಅಂತ ಭಯ. ಆಮೇಲೆ... ಎತ್ತದೇ ಇದ್ದಿದ್ದೇ ದೊಡ್ಡ ತಪ್ಪಾಯ್ತು."

ಅವಳು ತೊಟ್ಟಿಯ ಯೋಚನೆಯನ್ನು ಉಸಿರು ಬಿಡದೆ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನ ಕಣ್ಣು ಅರಳಿದವು.

"ಭೇಷ್! ನಂಗೆ ಹೊಳೀಲೇ ಇಲ್ಲ ನೋಡಿ!"

"ಪೇಟೆಂಟಲ್ಲಿ ನಿಮ್ಮ ಹೆಸರೂ ಇರ್ಲಿ."

"ಬೇಡ. ಅದು ನಿಮ್ಮದು. ನಾನು ತಪ್ಪು ತೋರಿಸ್ದೆ, ದಾರಿ ಹುಡುಕಿದ್ದು ನೀವು."

"ಹಂಗಾದ್ರೆ ವಾಪಸ್ ಬನ್ನಿ. ಚಿಪ್ ಬಂದ ದಿನ ಬೇರೆ ಯಾರ ಕೈಗೂ ಕೊಡಲ್ಲ ನಾನು."

"ಬರ್ತೀನಿ. ಅದು ಕೆಲ್ಸದ ಮಾತಾಯ್ತು." ಅಂಬರೀಶ್ ಒಂದು ಹೆಜ್ಜೆ ಹತ್ತಿರ ಬಂದ. "ಇಷ್ಟು ದೂರ ಬರೀ ಚಿಪ್ಪಿಗೋಸ್ಕರ ಬಂದ್ರಾ?"

ಅವಳ ಎದೆಬಡಿತ ಅವಳಿಗೇ ಕೇಳಿಸಿತು. ತಲೆಯೆತ್ತಿದಳು. ಇನ್ನು ಬಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

"ಇಲ್ಲ. ನೀವಿಲ್ದೆ ಎಲ್ಲೂ ಕೂರೋಕಾಗ್ತಿಲ್ಲ, ನಿಲ್ಲೋಕಾಗ್ತಿಲ್ಲ. ಅದಕ್ಕೆ ಬಂದೆ."

ಅವನು ಸೊಪ್ಪಿನ ಹಸಿರು ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳತ್ತ ಚಾಚಿದ. ಮಮತ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಚಿಪ್ ಬರೋಕೆ ಇನ್ನೂ ಎಷ್ಟೋ ದಿನ ಇದೆ," ಎಂದಳು ಮೆಲ್ಲಗೆ. "ಬಂದ್ಮೇಲೆ ಕೆಲ್ಸ ಮಾಡ್ದೇ ಹೋದ್ರೆ? ಇನ್ನೊಂದು ತಪ್ಪಿದ್ರೆ?"

"ಇರ್ಬೋದು. ಮತ್ತೆ ತಿದ್ದೋಣ."

"ಆಗ್ಲೂ ಜೊತೇಲಿರ್ತೀರಾ?"

"ಇರ್ತೀರಾ ಅಂತ ಕೇಳಿದ್ರೆ ಹೇಳಲ್ಲ."

ಅವಳ ಕೆನ್ನೆ ಕೆಂಪಾಯಿತು. ಅವನ ಕೈ ಬಿಡದೆ, ಅವನಿಗಷ್ಟೇ ಕೇಳಿಸುವಂತೆ ಕೇಳಿದಳು.

"ಇರ್ತೀಯಾ?"

"ಇರ್ತೀನಿ ಕಣೇ."